ಪ್ರಾರ್ಥನೆ ಮೊದಲು, ಸಿದ್ಧಾಂತ ಆಮೇಲೆ

ಇಂದಿನ ತುರ್ಕಿಯ ಇಸ್ತಾಂಬುಲ್ ನಗರಕ್ಕೆ ಆಗ ಕಾನ್‌ಸ್ಟಾಂಟಿನೋಪಲ್ ಎಂದು ಹೆಸರು. ರೋಮ್ ಸಾಮ್ರಾಜ್ಯದ ಪೂರ್ವದ ರಾಜಧಾನಿ. ಕ್ರಿ.ಶ. 380ರ ದಶಕದ ಆರಂಭದಲ್ಲಿ ಆ ಊರಿನ ಬೀದಿಗಳಲ್ಲಿ ಏನು ಮಾತು ನಡೆಯುತ್ತಿತ್ತು ಎಂಬುದನ್ನು ನಿಸ್ಸಾದ ಗ್ರೆಗರಿ ಎಂಬ ಬಿಷಪ್ ತನ್ನ ಒಂದು ಉಪದೇಶದಲ್ಲಿ ಬಣ್ಣಿಸಿದ್ದಾನೆ. ಚಿನಿವಾರನ ಹತ್ತಿರ ಚಿಲ್ಲರೆ ಕೇಳಿ, ರೊಟ್ಟಿ ಅಂಗಡಿಯಲ್ಲಿ ದರ ವಿಚಾರಿಸಿ, ಸ್ನಾನದ ಮನೆಯಲ್ಲಿ ನೀರು ಸಿದ್ಧವಿದೆಯೇ ಎನ್ನಿ, ಬರುವ ಉತ್ತರ ದೇವರ ಮಗನ ಕುರಿತೇ. ಆತ ಹುಟ್ಟಿದವನೋ ಹುಟ್ಟಿಲ್ಲದವನೋ, ತಂದೆಗೆ ಸಮನೋ ಕಿರಿಯನೋ, ಶೂನ್ಯದಿಂದ ಉಂಟಾದವನೋ ಅಲ್ಲವೋ. ಊರಿಗೆ ಊರೇ ಪಂಡಿತರಾಗಿಬಿಟ್ಟಿದೆ ಎಂದು ಗ್ರೆಗರಿ ಬೇಸರಪಟ್ಟುಕೊಂಡಿದ್ದ.

ಈ ಬೀದಿ ಮಾತು ನನಗೆ ಬಹಳ ಮುಖ್ಯವೆನಿಸುತ್ತದೆ. ಇಂದು ತ್ರಯೇಕ ದೇವರ ವಿಷಯ ಎತ್ತಿದರೆ ಚರ್ಚಿಗೆ ಹೋಗುವವರಲ್ಲೂ ಅನೇಕರು, ಅದು ಬುದ್ಧಿಗೆ ನಿಲುಕುವುದಲ್ಲ, ನಂಬಿಕೊಂಡರೆ ಸಾಕು ಎಂದು ಮಾತು ಮುಗಿಸುತ್ತಾರೆ. ಹೊರಗಿನವರಿಗೆ ಅದು ತಾಳೆಯಾಗದ ಲೆಕ್ಕ. ತಂದೆ ದೇವರು, ಮಗ ದೇವರು, ಪವಿತ್ರಾತ್ಮ ದೇವರು. ಆದರೂ ದೇವರು ಮೂವರಲ್ಲ, ಒಬ್ಬನೇ. ಹಾಗೆಂದು ತಂದೆಯೇ ಮಗನಲ್ಲ, ಮಗನೇ ಪವಿತ್ರಾತ್ಮನಲ್ಲ. ಇಷ್ಟನ್ನು ಒಣಗಿಸಿ ಎದುರಿಗಿಟ್ಟರೆ ಯಾರಿಗಾದರೂ ತಲೆ ತಿರುಗುತ್ತದೆ. ಆದರೆ ರೊಟ್ಟಿ ಮಾರುವವನು ಒಣ ಲೆಕ್ಕಕ್ಕಾಗಿ ಗಿರಾಕಿಯನ್ನು ನಿಲ್ಲಿಸಿಕೊಂಡು ವಾದ ಮಾಡುವುದಿಲ್ಲ. ನಾನು ಯಾರಿಗೆ ಕೈಮುಗಿಯುತ್ತಿದ್ದೇನೆ, ನನ್ನನ್ನು ಉಳಿಸಲು ಬಂದವನು ಯಾರು ಎಂಬುದು ಅವನ ಪ್ರಶ್ನೆಯಾಗಿತ್ತು. ತ್ರಯೇಕತ್ವದ ತರ್ಕಕ್ಕೆ ಇಳಿಯುವ ಮೊದಲು ಈ ಪ್ರಶ್ನೆ ಹುಟ್ಟಿದ ಬಗೆಯನ್ನು ನೋಡಬೇಕು.

ಯೇಸುವಿನ ಮೊದಲ ಶಿಷ್ಯರೆಲ್ಲ ಯೆಹೂದ್ಯರು. ದೇವರು ಒಬ್ಬನೇ ಎಂದು ಸಾರುವ ಶೆಮಾ ಪ್ರಾರ್ಥನೆಯನ್ನು ಬೆಳಿಗ್ಗೆ ಸಂಜೆ ಹೇಳಿಕೊಂಡು ಬೆಳೆದವರು. ಸುತ್ತಲಿನ ಗ್ರೀಕರು, ರೋಮನರು ಹತ್ತಾರು ದೇವತೆಗಳನ್ನು ಪೂಜಿಸುತ್ತಿದ್ದಾಗ, ಚಕ್ರವರ್ತಿಯ ಪ್ರತಿಮೆಗೂ ಧೂಪ ಹಾಕುತ್ತಿದ್ದಾಗ, ಪ್ರಾಣ ಹೋದರೂ ನಾವು ಒಬ್ಬನಿಗೆ ಮಾತ್ರ ತಲೆಬಾಗುತ್ತೇವೆ ಎಂದು ಹಟ ಹಿಡಿದ ಜನಾಂಗ ಅದು. ಅಂಥವರು, ಶಿಲುಬೆಗೇರಿ ಸತ್ತ ನಜರೇತಿನ ಒಬ್ಬ ಬಡಗಿಗೆ ಒಂದೇ ತಲೆಮಾರಿನೊಳಗೆ ಆರಾಧನೆ ಸಲ್ಲಿಸಲು ತೊಡಗಿದರು. 50ರ ದಶಕದಲ್ಲಿ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಶೆಮಾದ ಧಾಟಿಯನ್ನೇ ಇಟ್ಟುಕೊಂಡು, ಅದರೊಳಗೆ ಒಬ್ಬನೇ ದೇವರಾದ ತಂದೆಯ ಪಕ್ಕದಲ್ಲಿ ಒಬ್ಬನೇ ಕರ್ತನಾದ ಯೇಸುವನ್ನು ಕೂರಿಸುತ್ತಾನೆ. ಅದೇ ಊರಿನವರಿಗೆ ಬರೆದ ಎರಡನೆಯ ಪತ್ರದ ಕೊನೆಯ ಹಾರೈಕೆಯಲ್ಲಿ ಯೇಸುವಿನ ಕೃಪೆ, ದೇವರ ಪ್ರೀತಿ, ಪವಿತ್ರಾತ್ಮನ ಅನ್ಯೋನ್ಯತೆ ಒಟ್ಟಿಗೇ ಬರುತ್ತವೆ. ಮತ್ತಾಯನ ಸುವಾರ್ತೆ ಮುಗಿಯುವುದೇ ತಂದೆ, ಮಗ, ಪವಿತ್ರಾತ್ಮನ ಹೆಸರಿನಲ್ಲಿ ದೀಕ್ಷಾಸ್ನಾನ ಕೊಡಿರೆಂಬ ಆಜ್ಞೆಯ ಸುತ್ತ. ಇವುಗಳನ್ನು ಬರೆದವರು ಯಾರೂ ಸಿದ್ಧಾಂತ ಮಂಡಿಸುತ್ತಿರಲಿಲ್ಲ. ಪತ್ರ ಬರೆಯುತ್ತಿದ್ದರು, ಹರಸುತ್ತಿದ್ದರು, ನೀರಿನಲ್ಲಿ ಮುಳುಗಿಸಿ ಎಬ್ಬಿಸುತ್ತಿದ್ದರು.

ಹೊರಗಿನವನ ಸಾಕ್ಷ್ಯವೂ ಇದೆ. ಸುಮಾರು 112ರಲ್ಲಿ, ಕಪ್ಪು ಸಮುದ್ರದ ದಂಡೆಯ ಬಿಥಿನಿಯಾ ಪ್ರಾಂತದ ರೋಮನ್ ಅಧಿಕಾರಿ ಪ್ಲಿನಿ ತನ್ನ ಚಕ್ರವರ್ತಿ ಟ್ರಾಜನನಿಗೆ ಒಂದು ಓಲೆ ಬರೆದ. ಈ ಕ್ರೈಸ್ತರು ಏನು ಮಾಡುತ್ತಾರೆಂದು ತಿಳಿಯಲು ಅವನು ಇಬ್ಬರು ದಾಸಿಯರನ್ನು ಚಿತ್ರಹಿಂಸೆಗೆ ಒಳಪಡಿಸಿ ವಿಚಾರಿಸಿದ್ದ. ಸಭೆಯಲ್ಲಿ ಅವರು ಸೇವಕಿಯರ ಸ್ಥಾನದಲ್ಲಿದ್ದವರು. ನಿಗದಿಯಾದ ದಿನ ಬೆಳಕು ಹರಿಯುವ ಮುಂಚೆ ಸೇರುತ್ತಾರೆ, ಕ್ರಿಸ್ತನನ್ನು ದೇವರೆಂಬಂತೆ ಹಾಡಿ ಹೊಗಳುತ್ತಾರೆ ಎಂಬುದು ಅವನು ಕಲೆಹಾಕಿದ ಮಾಹಿತಿ. ಈ ಪ್ರಶ್ನೆಯನ್ನು ತೀರ್ಮಾನಿಸಲು ಬಿಷಪ್‌ಗಳು ಸೇರಿದ ನೈಸಿಯಾ ಸಭೆಗೆ ಇನ್ನೂ 200ಕ್ಕೂ ಹೆಚ್ಚು ವರ್ಷ ಬಾಕಿಯಿತ್ತು. ನೈಸಿಯಾ ಎಂಬ ಪಟ್ಟಣ ಇದ್ದದ್ದೂ ಅದೇ ಬಿಥಿನಿಯಾದಲ್ಲಿ. ಹೆಸರೂ ಉಳಿಯದ ಆ ಇಬ್ಬರು ಹೆಂಗಸರಿಗೆ ತ್ರಿತ್ವ ಎಂಬ ಪದ ಗೊತ್ತಿರಲಾರದು. ಆ ಪದ ಬೈಬಲಿನಲ್ಲೂ ಇಲ್ಲ. ಅದರ ಗ್ರೀಕ್ ರೂಪ ಸುಮಾರು 180ರ ಹೊತ್ತಿಗೆ ಅಂತಿಯೋಕ್ಯದ ಥಿಯೋಫಿಲಸನ ಬರಹದಲ್ಲಿ, ಲ್ಯಾಟಿನ್ ರೂಪ ಮುಂದಿನ ತಲೆಮಾರಿನಲ್ಲಿ ಕಾರ್ಥೇಜಿನ ತೆರ್ತುಲ್ಯನನ ಬರಹದಲ್ಲಿ ಕಾಣಿಸುತ್ತದೆ. ಪದ ಬರುವ ಮೊದಲೇ ಹಾಡು ಇತ್ತು.

ಹೀಗೆ ಕ್ರೈಸ್ತ ಸಭೆಯ ಕೈಯಲ್ಲಿ ಬಿಟ್ಟುಕೊಡಲಾಗದ ಕೆಲವು ಸಂಗತಿಗಳಿದ್ದವು. ದೇವರು ಒಬ್ಬನೇ. ಯೇಸುವಿಗೆ ಸಲ್ಲಿಸುವ ಆರಾಧನೆ ವಿಗ್ರಹಾರಾಧನೆಯಲ್ಲ. ಯೇಸು ತಂದೆಗೆ ಪ್ರಾರ್ಥಿಸಿದ, ಗೆತ್ಸೆಮನೆ ತೋಟದಲ್ಲಿ ಬೆವರಿಳಿಸಿ ಬೇಡಿಕೊಂಡ. ಅದು ನಾಟಕವಾಗಿರಲಿಲ್ಲ, ಕೇಳುವವನೂ ಹೇಳುವವನೂ ನಿಜವಾಗಿ ಇದ್ದರು. ತಮ್ಮೊಳಗೆ ಕೆಲಸ ಮಾಡುತ್ತಿರುವ ಆತ್ಮ ದೇವರ ಆತ್ಮವೇ. ಇವುಗಳಲ್ಲಿ ಒಂದನ್ನು ಕೈಬಿಟ್ಟರೆ ಉಳಿದವು ಸರಾಗವಾಗಿ ಹೊಂದಿಕೊಳ್ಳುತ್ತವೆ. ತೊಡಕೆಲ್ಲ ಎಲ್ಲವನ್ನೂ ಒಟ್ಟಿಗೆ ಹಿಡಿದುಕೊಳ್ಳುವುದರಲ್ಲಿದೆ.

ಮೂರನೆಯ ಶತಮಾನದ ಆರಂಭದಲ್ಲಿ ರೋಮ್ ನಗರದಲ್ಲಿ ಕಲಿಸುತ್ತಿದ್ದ ಸಬೆಲ್ಲಿಯಸ್ ಎಂಬವನ ಹೆಸರಿಗೆ ಅಂಟಿಕೊಂಡಿರುವುದು ಒಂದು ಸುಲಭದ ದಾರಿ. ದೇವರು ಒಬ್ಬನೇ, ಸೃಷ್ಟಿ ಮಾಡುವಾಗ ತಂದೆಯಾಗಿ, ಬಿಡಿಸುವಾಗ ಮಗನಾಗಿ, ಪಾವನಗೊಳಿಸುವಾಗ ಆತ್ಮನಾಗಿ ಕಾಣಿಸಿಕೊಳ್ಳುತ್ತಾನೆ. ಸಂಡೇ ಸ್ಕೂಲಿನಲ್ಲಿ ಇಂದಿಗೂ ಹೇಳಿಕೊಡುವ ನೀರು, ಮಂಜುಗಡ್ಡೆ, ಹಬೆಯ ಉದಾಹರಣೆ ಇದೇ ದಾರಿಯದು. ಕೇಳಲು ಚೆನ್ನಾಗಿದೆ, ಮಕ್ಕಳಿಗೆ ನೆನಪಿರುತ್ತದೆ. ಆದರೆ ಗೆತ್ಸೆಮನೆಗೆ ಬಂದ ಕೂಡಲೇ ಅದು ಕುಸಿಯುತ್ತದೆ. ಅಲ್ಲಿ ಬೇಡಿಕೊಂಡವನು ತನಗೆ ತಾನೇ ಮಾತನಾಡಿಕೊಂಡನೇ? ಸಭೆ ಈ ದಾರಿಯನ್ನು ಬೇಗನೇ ಮುಚ್ಚಿತು. ಇನ್ನೊಂದು ದಾರಿ ಮುಚ್ಚಲು ಮಾತ್ರ ಅರ್ಧ ಶತಮಾನಕ್ಕೂ ಹೆಚ್ಚು ಹಿಡಿಯಿತು.

ಅದನ್ನು ತೆರೆದವನು ಅರಿಯಸ್. ಈಜಿಪ್ಟಿನ ಅಲೆಕ್ಸಾಂಡ್ರಿಯ ಬಂದರಿನ ಒಂದು ಚರ್ಚಿನ ಪಾದ್ರಿ. ಕಟ್ಟುನಿಟ್ಟಿನ ಜೀವನದವನು, ಮಾತುಗಾರ, ಜನಪ್ರಿಯ. 318ರ ಸುಮಾರಿಗೆ ತನ್ನ ಬಿಷಪ್ ಅಲೆಕ್ಸಾಂಡರನ ಬೋಧನೆಯನ್ನು ಅವನು ಎದುರಿಸಿದ. ಅರಿಯಸನನ್ನು ಸಭೆಯ ಇತಿಹಾಸ ಖಳನಂತೆ ಚಿತ್ರಿಸುತ್ತ ಬಂದಿದೆ. ಅದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ. ಅವನ ಕಾಳಜಿ ದೇವರ ಏಕತ್ವದ್ದು. ಆದಿಯಿಲ್ಲದವನು, ಯಾರಿಂದಲೂ ಹುಟ್ಟದವನು ಒಬ್ಬನೇ ಇರಲು ಸಾಧ್ಯ. ಮಗ ಎಂದ ಮೇಲೆ ಹುಟ್ಟು ಬಂತು, ಹುಟ್ಟು ಎಂದ ಮೇಲೆ ಅದಕ್ಕೆ ಮುಂಚಿನ ಸ್ಥಿತಿ ಬಂತು. ಆದ್ದರಿಂದ ಮಗ ಇಲ್ಲದಿದ್ದ ಒಂದು ಸ್ಥಿತಿ ಇತ್ತು. ಆತ ಸೃಷ್ಟಿಯಲ್ಲೆಲ್ಲ ಮೊದಲನೆಯವನು, ಅತಿ ಶ್ರೇಷ್ಠನು, ಆತನ ಮೂಲಕವೇ ಉಳಿದದ್ದೆಲ್ಲ ಉಂಟಾಯಿತು. ಆದರೂ ಆತ ಸೃಷ್ಟಿಯೇ. ತೊಡಕಿಲ್ಲದ ಹಗ್ಗದಂಥ ನೇರ ತರ್ಕ. ಹಡಗಿನವರು, ಗಿರಣಿಯವರು, ದಾರಿಹೋಕರು ಹಾಡಿಕೊಳ್ಳುವಂತೆ ಅವನು ಇದನ್ನು ಹಾಡುಗಳಾಗಿಯೂ ಕಟ್ಟಿದ ಎಂದು ಹಳೆಯ ಚರಿತ್ರಕಾರರು ಹೇಳುತ್ತಾರೆ. ಜಗಳ ಬೀದಿಗೆ ಬಂದದ್ದು ಹಾಗೆ.

ಚಕ್ರವರ್ತಿ ಕಾನ್‌ಸ್ಟಾಂಟೈನನಿಗೆ ಇದು ಮೊದಲು ಕ್ಷುಲ್ಲಕ ವಿಷಯವಾಗಿ ಕಂಡಿತ್ತು. ಇಬ್ಬರೂ ಸುಮ್ಮನಾಗಿ ಎಂಬ ಅರ್ಥದ ಪತ್ರ ಕಳಿಸಿ ನೋಡಿದ. ಫಲ ಕಾಣದೆ 325ರ ಬೇಸಿಗೆಯಲ್ಲಿ ಬಿಷಪ್‌ಗಳನ್ನೆಲ್ಲ ನೈಸಿಯಾದ ಅರಮನೆಗೆ ಕರೆಸಿದ. ಅಲ್ಲಿ ಸೇರಿದವರು 318 ಮಂದಿ ಎಂಬುದು ಸಂಪ್ರದಾಯದ ಲೆಕ್ಕ. ಸಭೆಯಲ್ಲಿದ್ದ ಚರಿತ್ರಕಾರ ಯೂಸೆಬಿಯಸ್ 250ಕ್ಕೂ ಹೆಚ್ಚು ಎಂದು ಬರೆದಿದ್ದಾನೆ. ಹಿಂದಿನ ಚಕ್ರವರ್ತಿ ಡಯೋಕ್ಲೀಷಿಯನ್ ಕ್ರೈಸ್ತರ ಮೇಲೆ 303ರಲ್ಲಿ ಶುರುಮಾಡಿದ ಹಿಂಸೆಯ ಗಾಯಗಳು ಆಗಿನ್ನೂ ಹಸಿಯಾಗಿದ್ದವು. ಕಣ್ಣು ಕೀಳಿಸಿಕೊಂಡವನು, ಕಾದ ಕಬ್ಬಿಣದಿಂದ ಕೈನರಗಳನ್ನು ಸುಡಿಸಿಕೊಂಡು ಬೆರಳು ಆಡಿಸಲಾಗದವನು, ಇಂಥವರೂ ಆ ಪೀಠಗಳಲ್ಲಿ ಕುಳಿತಿದ್ದರೆಂದು ಮುಂದಿನ ಶತಮಾನದ ಚರ್ಚ್ ಚರಿತ್ರಕಾರರು ದಾಖಲಿಸಿದ್ದಾರೆ. ಅದೇ ಸಾಮ್ರಾಜ್ಯದ ಚಕ್ರವರ್ತಿ ಈಗ ನೇರಳೆ ನಿಲುವಂಗಿ ತೊಟ್ಟು, ಆಯುಧ ಹಿಡಿದ ಕಾವಲುಗಾರರಿಲ್ಲದೆ ಅವರ ನಡುವೆ ಬಂದು ನಿಂತ.

ಅಲ್ಲಿ ರಚಿತವಾದ ವಿಶ್ವಾಸ ಪ್ರಮಾಣ ಮಗನನ್ನು ತಂದೆಯೊಡನೆ ಒಂದೇ ಸತ್ತ್ವದವನು ಎಂದು ಕರೆಯಿತು. ಗ್ರೀಕಿನಲ್ಲಿ ಆ ಪದ ಹೊಮೊಊಸಿಯೋಸ್. ಆತ ಹುಟ್ಟಿದವನು ನಿಜ, ಉಂಟುಮಾಡಲ್ಪಟ್ಟವನಲ್ಲ. ನಾವು ಮಾಡುವ ವಸ್ತು ನಮ್ಮಿಂದ ಬೇರೆ ಬಗೆಯದು. ನಮಗೆ ಹುಟ್ಟುವುದು ನಮ್ಮದೇ ಬಗೆಯದು. ದೇವರಿಂದ ಹುಟ್ಟಿದವನು ದೇವರೇ ಆಗಬೇಕು, ಆ ಹುಟ್ಟು ಕಾಲದೊಳಗೆ ನಡೆದ ಘಟನೆಯೂ ಅಲ್ಲ. ಹುಟ್ಟು ಎಂದರೆ ಮೊದಲು ಇರಲಿಲ್ಲ ಎಂಬ ಅರಿಯಸನ ಹೆಜ್ಜೆಯನ್ನು ಸಭೆ ತಡೆದದ್ದು ಇಲ್ಲಿ. ಕೊನೆಗೆ ಸಹಿ ಹಾಕಲು ಒಪ್ಪದೆ ಉಳಿದವರು ಇಬ್ಬರೇ ಬಿಷಪ್‌ಗಳು, ಇಬ್ಬರೂ ಲಿಬಿಯಾದ ಕಡೆಯವರು. ಅರಿಯಸನೊಂದಿಗೆ ಅವರನ್ನೂ ಗಡೀಪಾರು ಮಾಡಲಾಯಿತು.

ಅಲ್ಲಿಗೆ ಮುಗಿಯಿತು ಎಂದುಕೊಂಡರೆ ತಪ್ಪು. ಜಗಳ ನಿಜವಾಗಿ ಬೆಳೆದದ್ದು ಆಮೇಲೆ. ಒಂದೇ ಸತ್ತ್ವ ಎಂದರೆ ಸಬೆಲ್ಲಿಯಸನ ದಾರಿಯೇ ಹಿಂಬಾಗಿಲಿನಿಂದ ಬಂತಲ್ಲವೇ ಎಂಬ ಪ್ರಾಮಾಣಿಕ ಶಂಕೆ ಅನೇಕರಿಗಿತ್ತು. ಕಾನ್‌ಸ್ಟಾಂಟೈನನ ಮನಸ್ಸೇ ಬದಲಾಯಿತು. 337ರಲ್ಲಿ ಮರಣಶಯ್ಯೆಯಲ್ಲಿ ಅವನಿಗೆ ದೀಕ್ಷಾಸ್ನಾನ ಕೊಟ್ಟದ್ದು ಅರಿಯಸನ ಹಳೆಯ ಬೆಂಬಲಿಗ, ನಿಕೊಮೀಡಿಯದ ಯೂಸೆಬಿಯಸ್ ಎಂಬ ಇನ್ನೊಬ್ಬ. ಮಗ ಕಾನ್‌ಸ್ಟಾಂಟಿಯಸನಂತೂ ನೈಸಿಯಾದ ವಿರೋಧಿಗಳ ಪಕ್ಷವನ್ನೇ ಹಿಡಿದ. 357ರಲ್ಲಿ ಸಿರ್ಮಿಯಮ್ ಎಂಬ ಊರಿನಲ್ಲಿ ಸೇರಿದ ಬಿಷಪ್‌ಗಳು ಸತ್ತ್ವದ ಮಾತನ್ನೇ ಯಾರೂ ಎತ್ತಬಾರದೆಂದರು. ಸಿಂಹಾಸನ ಯಾವ ಕಡೆ ವಾಲುತ್ತದೋ ಆ ಕಡೆ ಸಿದ್ಧಾಂತವೂ ವಾಲಿತು ಎಂದು ಈ ಕಥೆಯನ್ನು ರಾಜಕೀಯವಾಗಿ ಮಾತ್ರ ಹೇಳುವವರಿದ್ದಾರೆ. ಹಾಗಿದ್ದರೆ ನೈಸಿಯಾ ಅಲ್ಲೇ ಸಾಯಬೇಕಿತ್ತು. ಸುಮಾರು ನಲವತ್ತು ವರ್ಷ ಪೂರ್ವದ ಸಿಂಹಾಸನ ಹೆಚ್ಚಿನ ಕಾಲವೆಲ್ಲ ಅದರ ಎದುರಿಗೇ ಇತ್ತು.

ಅದನ್ನು ಬದುಕಿಸಿಕೊಂಡವರಲ್ಲಿ ಅಥನಾಸಿಯಸ್ ಮುಖ್ಯ. ನೈಸಿಯಾಕ್ಕೆ ತರುಣ ಸಭಾಸೇವಕನಾಗಿ ಹೋಗಿದ್ದವನು, 328ರಲ್ಲಿ ಅಲೆಕ್ಸಾಂಡ್ರಿಯದ ಬಿಷಪ್ ಆದ. 373ರಲ್ಲಿ ತೀರಿಕೊಳ್ಳುವವರೆಗಿನ 45 ವರ್ಷಗಳಲ್ಲಿ ಐದು ಸಲ ಗಡೀಪಾರಾಗಿ ಸುಮಾರು 17 ವರ್ಷ ಊರ ಹೊರಗೇ ಕಳೆದ. ಸೌಮ್ಯ ಸ್ವಭಾವದವನಲ್ಲ, ಅವನ ಕಡೆಯವರು ಎದುರಾಳಿಗಳನ್ನು ಹೊಡೆದರೆಂಬ ಆರೋಪಗಳಿಗೆ ಆಧಾರವಿದೆ. 356ರ ಫೆಬ್ರವರಿಯ ಒಂದು ರಾತ್ರಿ ಅವನು ಚರ್ಚಿನಲ್ಲಿ ಜಾಗರಣೆ ನಡೆಸುತ್ತಿದ್ದಾಗ ಸೈನಿಕರು ಸುತ್ತುವರಿದರು. ಅವನು ಪೀಠದಿಂದ ಏಳಲಿಲ್ಲ. ಸಭಾಸೇವಕನಿಗೆ ಕೀರ್ತನೆ ಓದಲು ಹೇಳಿದ, ಜನ ಪಲ್ಲವಿ ಹೇಳುತ್ತ ಒಬ್ಬೊಬ್ಬರಾಗಿ ಹೊರಗೆ ಹೋಗಲಿ ಎಂದ. ಬಾಗಿಲು ಒಡೆದು ಸೈನಿಕರು ನುಗ್ಗಿದ ಗದ್ದಲದಲ್ಲಿ ಸನ್ಯಾಸಿಗಳು ಅವನನ್ನು ಎಳೆದುಕೊಂಡು ಹೋದರು. ಮುಂದಿನ ಆರು ವರ್ಷ ಅವನು ಅಡಗಿದ್ದದ್ದು ಈಜಿಪ್ಟಿನ ಮರುಭೂಮಿಯ ಸನ್ಯಾಸಿಗಳ ನಡುವೆ.

ಅವನ ವಾದದ ತಿರುಳು ಸರಳ, ಮತ್ತು ನನಗೆ ಇಂದಿಗೂ ಅದಕ್ಕಿಂತ ಬಲವಾದದ್ದು ಕಂಡಿಲ್ಲ. ಅರಿಯಸನ ಕಡೆಯವರೂ ಮಗನ ಹೆಸರಿನಲ್ಲಿ ದೀಕ್ಷೆ ಕೊಡುತ್ತಾರೆ, ಮಗನಿಗೆ ಪ್ರಾರ್ಥಿಸುತ್ತಾರೆ. ಮಗ ಸೃಷ್ಟಿಯಾದರೆ ಅವರು ಸೃಷ್ಟಿಗೆ ಪೂಜೆ ಮಾಡಿದಂತಾಯಿತು, ಅಲ್ಲಿಗೆ ಏಕದೇವರ ಮಾತು ಬಿತ್ತು. ಅದಕ್ಕಿಂತ ಆಳದ್ದು ಇನ್ನೊಂದಿದೆ. ಸಾವಿನ ವಶದಲ್ಲಿರುವ ಮನುಷ್ಯನನ್ನು ದೇವರ ಬದುಕಿನೊಳಗೆ ಸೇರಿಸಿಕೊಳ್ಳಲು ದೇವರಿಗೇ ಸಾಧ್ಯ. ಬಂದವನು ದೇವರಿಗಿಂತ ಒಂದು ಕೂದಲೆಳೆ ಕಡಿಮೆಯವನಾದರೂ, ಎಷ್ಟೇ ದೊಡ್ಡವನಾದರೂ, ಅವನು ದೂತ ಮಾತ್ರ. ದೂತ ಸುದ್ದಿ ತರಬಲ್ಲ, ತನ್ನಲ್ಲೇ ಇಲ್ಲದ ಬದುಕನ್ನು ಕೊಡಲಾರ. ಶಿಲುಬೆಯ ಮೇಲೆ ತೂಗಿದವನು ದೇವರು ಕಳಿಸಿಕೊಟ್ಟ ಬಲಿಪಶುವೋ, ಸ್ವತಃ ದೇವರೋ ಎಂಬುದು ಇಲ್ಲಿನ ಪ್ರಶ್ನೆ. ಮೊದಲನೆಯದಾದರೆ ದೇವರು ದೂರದಲ್ಲಿ ನಿಂತು ಇನ್ನೊಬ್ಬನನ್ನು ನೋವಿಗೆ ತಳ್ಳಿದ. ಎರಡನೆಯದಾದರೆ ನೋವಿನೊಳಕ್ಕೆ ತಾನೇ ಇಳಿದ. ದೇವರ ಗುಣವೇ ಇಲ್ಲಿ ಬೇರೆಯಾಗುತ್ತದೆ.

ನೈಸಿಯಾದ ಪ್ರಮಾಣ ಪವಿತ್ರಾತ್ಮನ ಬಗ್ಗೆ ಹೆಸರು ಹೇಳಿ ನಿಲ್ಲಿಸಿತ್ತು. ಆ ಖಾಲಿ ಜಾಗಕ್ಕೆ ಬಂದವರು ಇಂದಿನ ತುರ್ಕಿಯ ನಡುನಾಡಾದ ಕಪ್ಪದೋಕ್ಯದ ಮೂವರು: ಸೆಸರಿಯದ ಬೇಸಿಲ್, ಅವನ ತಮ್ಮ ನಿಸ್ಸಾದ ಗ್ರೆಗರಿ, ಗೆಳೆಯ ನಾಜಿಯಾನ್ಜಸಿನ ಗ್ರೆಗರಿ. 374ರಲ್ಲಿ ಒಂದು ಹಬ್ಬದ ದಿನ ಬೇಸಿಲ್ ಆರಾಧನೆಯಲ್ಲಿ ಎರಡು ರೀತಿಯ ಸ್ತುತಿ ಹೇಳಿದ. ಒಂದರಲ್ಲಿ ತಂದೆಗೆ ಮಗನ ಮೂಲಕ ಪವಿತ್ರಾತ್ಮನಲ್ಲಿ ಮಹಿಮೆ. ಇನ್ನೊಂದರಲ್ಲಿ ಮಗನೊಡನೆ, ಪವಿತ್ರಾತ್ಮನೊಡನೆ ತಂದೆಗೆ ಮಹಿಮೆ. ಎರಡನೆಯದು ಕಿವಿಗೆ ಬಿದ್ದ ಕೂಡಲೇ ಕೆಲವರು ಆಕ್ಷೇಪಿಸಿದರು: ಆತ್ಮನನ್ನು ತಂದೆಯ ಸಾಲಿಗೆ ತಂದದ್ದು ಯಾವ ಅಧಿಕಾರದಿಂದ? ಉತ್ತರವಾಗಿ ಬೇಸಿಲ್ ಒಂದು ಇಡೀ ಪುಸ್ತಕ ಬರೆದ. ದೀಕ್ಷಾಸ್ನಾನ ಹೇಗೋ ನಂಬಿಕೆ ಹಾಗೆ, ನಂಬಿಕೆ ಹೇಗೋ ಸ್ತುತಿ ಹಾಗೆ ಎಂಬುದು ಅವನ ಪಟ್ಟು. ದೀಕ್ಷೆಯ ನೀರಿನಲ್ಲಿ ಮೂರು ಹೆಸರುಗಳೂ ಒಂದೇ ಸಾಲಿನಲ್ಲಿದ್ದರೆ ಆರಾಧನೆಯಲ್ಲಿ ಒಂದನ್ನು ಕೆಳಗಿಳಿಸುವುದು ಹೇಗೆ?

ಬೇಸಿಲನ ಮೊದಲ ಬಗೆಯ ಸ್ತುತಿ ಕನ್ನಡದ ಚರ್ಚುಗಳಲ್ಲಿ ಇಂದಿಗೂ ಕಿವಿಗೆ ಬೀಳುತ್ತದೆ. ಹಳ್ಳಿಯ ಮನೆಯೊಂದರಲ್ಲಿ ಸಂಜೆಯ ಪ್ರಾರ್ಥನೆ ಕೇಳಿನೋಡಿ. ಮಳೆ, ಮಗಳ ಪರೀಕ್ಷೆ, ಅಜ್ಜಿಯ ಮಂಡಿನೋವು ಎಲ್ಲ ಹೇಳಿಯಾದ ಮೇಲೆ, ಯೇಸುವಿನ ಹೆಸರಿನಲ್ಲಿ ಬೇಡಿಕೊಳ್ಳುತ್ತೇವೆ ತಂದೆಯೇ, ಆಮೆನ್ ಎಂದು ಮುಗಿಸುತ್ತಾರೆ. ಬೇಡುವುದು ತಂದೆಗೆ, ಬೇಡುವ ಹಕ್ಕು ಮಗನ ಹೆಸರಿನದು. ಹಾಗೆ ಬೇಡಲು ಕಲಿಸುವವನು ಪವಿತ್ರಾತ್ಮ ಎಂದು ಅವರೇ ಹೇಳುತ್ತಾರೆ. ಕಥೋಲಿಕರು ಊಟಕ್ಕೆ ಕೂರುವ ಮುನ್ನ ಹಣೆ, ಎದೆ, ಭುಜ ಮುಟ್ಟಿಕೊಂಡು ಪಿತ, ಸುತ, ಪವಿತ್ರಾತ್ಮರ ನಾಮ ಹೇಳುತ್ತಾರೆ. ತ್ರಯೇಕತ್ವ ವಿವರಿಸಿ ಎಂದರೆ ತಡವರಿಸುವ ಜನ, ಪ್ರಾರ್ಥನೆಯಲ್ಲಿ ಅದರ ವ್ಯಾಕರಣವನ್ನು ಒಮ್ಮೆಯೂ ತಪ್ಪುವುದಿಲ್ಲ.

379ರಲ್ಲಿ ಬೇಸಿಲ್ ತೀರಿಕೊಂಡ. ಅದೇ ವರ್ಷ ನಾಜಿಯಾನ್ಜಸಿನ ಗ್ರೆಗರಿ ಕಾನ್‌ಸ್ಟಾಂಟಿನೋಪಲಿಗೆ ಬಂದಾಗ ಊರಿನ ಚರ್ಚುಗಳೆಲ್ಲ ಎದುರು ಪಕ್ಷದ ಕೈಯಲ್ಲಿದ್ದವು. ಬಂಧುಗಳ ಮನೆಯೊಂದನ್ನೇ ಪ್ರಾರ್ಥನಾಲಯ ಮಾಡಿಕೊಂಡು ಅದಕ್ಕೆ ಪುನರುತ್ಥಾನ ಎಂಬ ಅರ್ಥದ ಅನಸ್ತಾಸಿಯ ಎಂಬ ಹೆಸರಿಟ್ಟ. ಆ ಈಸ್ಟರಿನ ರಾತ್ರಿ ಅಲ್ಲಿ ದೀಕ್ಷಾಸ್ನಾನ ನಡೆಯುತ್ತಿದ್ದಾಗ ಜನ ನುಗ್ಗಿ ಕಲ್ಲು ತೂರಿದರು. ತ್ರಯೇಕತ್ವದ ಬಗ್ಗೆ ಅವನು ಮಾಡಿದ ಐದು ಪ್ರಖ್ಯಾತ ಉಪದೇಶಗಳು ಆ ಮನೆಯ ಕಾಲದವು. ತಂದೆ, ಮಗ, ಆತ್ಮ ಮೂವರಿಗೂ ಇರುವುದು ಒಂದೇ ದೈವತ್ವ. ಅದನ್ನು ಹಂಚಿಕೊಂಡಿಲ್ಲ, ಪ್ರತಿಯೊಬ್ಬರಲ್ಲೂ ಅದು ಪೂರ್ತಿ ಇದೆ. ವ್ಯತ್ಯಾಸ ಸಂಬಂಧದಲ್ಲಿ ಮಾತ್ರ. ತಂದೆ ಯಾರಿಂದಲೂ ಬಂದವನಲ್ಲ, ಮಗ ತಂದೆಯಿಂದ ಹುಟ್ಟಿದವನು, ಆತ್ಮ ತಂದೆಯಿಂದ ಹೊರಡುವವನು. ತಂದೆತನ ಎಂಬುದು ದೇವರ ಸತ್ತ್ವದ ಹೆಸರಲ್ಲ, ಮಗನೊಡನೆ ಇರುವ ಸಂಬಂಧದ ಹೆಸರು. ಮಗನಿಲ್ಲದೆ ತಂದೆ ಎಂದೂ ಇರಲಿಲ್ಲ. ಅನಾದಿಯಿಂದ ದೇವರ ಇರುವಿಕೆಯೇ ಹೀಗೆ, ಕೊಡುವ ಪಡೆಯುವ ಪ್ರೀತಿಯಾಗಿ. 381ರಲ್ಲಿ 150 ಬಿಷಪ್‌ಗಳು ಅದೇ ನಗರದಲ್ಲಿ ಸಭೆ ಸೇರಿ ಪವಿತ್ರಾತ್ಮನ ಕುರಿತ ಭಾಗವನ್ನು ವಿಸ್ತರಿಸಿದರು. ನೈಸೀನ ವಿಶ್ವಾಸ ಪ್ರಮಾಣ ಎಂದು ಚರ್ಚುಗಳಲ್ಲಿ ಇಂದು ಹೇಳುವುದು ಆ ರೂಪವನ್ನು. ಸಭೆಯ ಅಧ್ಯಕ್ಷನಾಗಿದ್ದ ಗ್ರೆಗರಿ ಮಾತ್ರ ಒಳಜಗಳಕ್ಕೆ ರೋಸಿ ಮಧ್ಯದಲ್ಲೇ ರಾಜೀನಾಮೆ ಕೊಟ್ಟು ಊರಿಗೆ ಮರಳಿದ.

ಮೂವರು ಎಂದ ಮೇಲೆ ಮೂರು ದೇವರಲ್ಲವೇ ಎಂಬ ಆಕ್ಷೇಪವನ್ನು ನೇರವಾಗಿ ಎದುರಿಸಿದವನು ನಿಸ್ಸಾದ ಗ್ರೆಗರಿ. ಅಬ್ಲಾಬಿಯಸ್ ಎಂಬವನಿಗೆ ಅವನು ಬರೆದ ಉತ್ತರ ಹೀಗೆ ಸಾಗುತ್ತದೆ: ಹೊಲದಲ್ಲಿ ಹಲವು ರೈತರು ದುಡಿಯುತ್ತಾರೆ, ಕೆಲಸದ ಹೆಸರು ಒಂದೇ, ಆದರೆ ಅವರವರ ಉಳುಮೆ ಅವರವರದು. ದೇವರಲ್ಲಿ ಹಾಗಲ್ಲ. ಅಲ್ಲಿ ನಡೆಯುವ ಪ್ರತಿಯೊಂದು ಕ್ರಿಯೆಯೂ ಒಂದೇ. ಅದು ತಂದೆಯಿಂದ ಹೊರಟು, ಮಗನ ಮೂಲಕ ಸಾಗಿ, ಆತ್ಮನಲ್ಲಿ ಪೂರ್ಣವಾಗುತ್ತದೆ. ಜೀವ ಕೊಡುವುದು ಒಂದೇ ಕೊಡುಗೆ, ಮೂರು ಕೊಡುಗೆಗಳಲ್ಲ. ನಮ್ಮಲ್ಲಿ ಅನೇಕರು ಈ ಸಿದ್ಧಾಂತವನ್ನು ತ್ರಿಮೂರ್ತಿಗಳ ಜೊತೆ ಹೋಲಿಸುವಾಗ ತಪ್ಪಿಹೋಗುವುದು ಈ ಜಾಗದಲ್ಲಿ. ಬ್ರಹ್ಮನದು ಸೃಷ್ಟಿ, ವಿಷ್ಣುವಿನದು ಸ್ಥಿತಿ, ಶಿವನದು ಲಯ ಎಂಬಂತೆ ಕೆಲಸದ ಹಂಚಿಕೆ ಕ್ರೈಸ್ತರ ತ್ರಯೇಕತ್ವದಲ್ಲಿ ಇಲ್ಲ. ಸೃಷ್ಟಿಯೂ ಮೂವರದು, ರಕ್ಷಣೆಯೂ ಮೂವರದು.

ಕನ್ನಡದ ಓದುಗರಿಗೆ ಹೆಚ್ಚು ಹತ್ತಿರವಾಗುವ ಹೋಲಿಕೆ ಉಡುಪಿಯ ಕಡೆಯದು ಎಂದು ನನಗೆ ತೋರುತ್ತದೆ. ಮೂಲರೂಪಕ್ಕೂ ಅವತಾರರೂಪಕ್ಕೂ ಎಳ್ಳಷ್ಟೂ ಭೇದವಿಲ್ಲ, ಅವತಾರದಲ್ಲಿ ಭಗವಂತ ಕಡಿಮೆಯಾಗುವುದಿಲ್ಲ ಎಂದು ಮಧ್ವಾಚಾರ್ಯರು ಪಟ್ಟು ಹಿಡಿದರು. ಬಂದವನು ದೇವರ ತುಣುಕಲ್ಲ, ಕಿರಿಯನಲ್ಲ ಎಂಬ ಅಥನಾಸಿಯಸನ ಹಟದಲ್ಲಿಯೂ ಇಂಥದೇ ಕಾಳಜಿ ಇದೆ. ಆದರೆ ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ. ಮಾಧ್ವರ ಹರಿಯಲ್ಲಿ ಒಳಗಿನ ಭೇದವೇ ಇಲ್ಲ. ಕ್ರೈಸ್ತರ ದೇವರಲ್ಲಿ ಕಳಿಸಿದವನೂ ಬಂದವನೂ ಒಬ್ಬರನ್ನೊಬ್ಬರು ನೀನು ಎಂದು ಕರೆಯುತ್ತಾರೆ.

ಪಶ್ಚಿಮದಲ್ಲಿ ಬಿಷಪ್ ಅಗಸ್ಟೀನ್ ಸುಮಾರು ಎರಡು ದಶಕ ತೆಗೆದುಕೊಂಡು ತ್ರಯೇಕತ್ವದ ಮೇಲೆ 15 ಭಾಗಗಳ ಗ್ರಂಥ ಬರೆದ. ಪ್ರೀತಿಸುವವನು, ಪ್ರೀತಿಗೆ ಪಾತ್ರನಾದವನು, ಆ ಪ್ರೀತಿ; ಮನಸ್ಸಿನ ನೆನಪು, ಅರಿವು, ಇಚ್ಛೆ, ಹೀಗೆ ಒಂದೊಂದೇ ಹೋಲಿಕೆ ಎತ್ತಿಕೊಂಡು, ಪ್ರತಿಯೊಂದೂ ಸಾಲದೆಂದು ತಾನೇ ಒಪ್ಪಿಕೊಂಡ. ಪವಿತ್ರಾತ್ಮ ಮಗನಿಂದಲೂ ಹೊರಡುತ್ತಾನೆ ಎಂಬ ಮಾತನ್ನು ಪಶ್ಚಿಮದ ಚರ್ಚ್ ಪ್ರಮಾಣಕ್ಕೆ ಸೇರಿಸಿದ್ದು ಪೂರ್ವದವರನ್ನು ಕೆರಳಿಸಿತು. ರೋಮ್‌ನಲ್ಲಿ ಅದು 1014ರಲ್ಲಿ ಆರಾಧನೆಯೊಳಗೆ ಬಂತು, ಪೂರ್ವ ಪಶ್ಚಿಮದ ಚರ್ಚುಗಳ ನಡುವಿನ 1054ರ ಒಡಕಿಗೆ ಅದೂ ಒಂದು ಕಾರಣ. ನೈಸಿಯಾಕ್ಕೆ 1700 ವರ್ಷ ತುಂಬಿದ 2025ರ ನವೆಂಬರಿನಲ್ಲಿ, ಇಂದು ಇಜ್ನಿಕ್ ಎನಿಸಿಕೊಳ್ಳುವ ಆ ಊರಿಗೆ ಪೋಪ್ 14ನೇ ಲಿಯೊ ಮತ್ತು ಕಾನ್‌ಸ್ಟಾಂಟಿನೋಪಲಿನ ಕುಲಪತಿ ಬಾರ್ತೊಲೊಮ್ಯೂ ಒಟ್ಟಿಗೆ ಹೋಗಿ ಪ್ರಾರ್ಥಿಸಿದರು. ಒಡಕು ಮಾತ್ರ ಇನ್ನೂ ಇದೆ.

ಈ ಸಿದ್ಧಾಂತವನ್ನು ಒಪ್ಪದವರನ್ನು ಸಭೆ ನಡೆಸಿಕೊಂಡ ರೀತಿಯನ್ನು ಮರೆಮಾಚಬಾರದು. 1553ರಲ್ಲಿ ಮೈಕೆಲ್ ಸರ್ವೀಟಸ್ ಎಂಬ ವೈದ್ಯನನ್ನು ಜಿನೀವಾದಲ್ಲಿ ಜೀವಂತ ಸುಟ್ಟರು. ದೇವರು ಪ್ರೀತಿಯ ಸಂಬಂಧವೇ ಆಗಿದ್ದಾನೆ ಎನ್ನುವ ಬೋಧನೆಯ ಹೆಸರಿನಲ್ಲಿ ಆ ಬೆಂಕಿ ಹೊತ್ತಿತು ಎಂಬುದು ಕ್ರೈಸ್ತ ಚರಿತ್ರೆಯ ದೊಡ್ಡ ನಾಚಿಕೆ. ಕೇಂಬ್ರಿಜಿನ ಟ್ರಿನಿಟಿ ಕಾಲೇಜಿನಲ್ಲೇ ಇದ್ದ ಐಸಾಕ್ ನ್ಯೂಟನ್ ತ್ರಯೇಕತ್ವವನ್ನು ಒಳಗೊಳಗೇ ತಿರಸ್ಕರಿಸಿದ್ದ, ಬಹಿರಂಗವಾಗಿ ಹೇಳುವ ಹಾಗಿರಲಿಲ್ಲ. ಯೆಹೂದ್ಯರೂ ಮುಸ್ಲಿಮರೂ ಎತ್ತುವ ಆಕ್ಷೇಪ ಅರಿಯಸನದಕ್ಕಿಂತ ಖಚಿತವಾದದ್ದು, ಗೌರವದಿಂದ ಕೇಳಿಸಿಕೊಳ್ಳಬೇಕಾದದ್ದು. ದೇವರಿಗೆ ಸಂಗಾತಿ ಇದ್ದು ಮಗ ಹುಟ್ಟಿದ ಎಂಬ ಅರ್ಥದಲ್ಲಾದರೆ ಆ ಆಕ್ಷೇಪಕ್ಕೆ ಕ್ರೈಸ್ತರೂ ಧಾರಾಳವಾಗಿ ಸಹಿ ಹಾಕುತ್ತಾರೆ. ಆ ಅರ್ಥ ಬಿಟ್ಟ ಮೇಲೂ ಉಳಿಯುವ ಭಿನ್ನಾಭಿಪ್ರಾಯ ನಿಜವಾದದ್ದು, ಅದನ್ನು ಸವರಿ ನಯ ಮಾಡುವುದರಲ್ಲಿ ಯಾರಿಗೂ ಲಾಭವಿಲ್ಲ.

ಭಾರತದಲ್ಲೂ ಈ ವಾದ ಜೋರಾಗಿಯೇ ನಡೆದಿದೆ. ರಾಜಾ ರಾಮ್ ಮೋಹನ್ ರಾಯ್ ಯೇಸುವಿನ ನೀತಿಬೋಧೆಯನ್ನು ಮಾತ್ರ ಆರಿಸಿ 1820ರಲ್ಲಿ ಪುಸ್ತಕ ತಂದಾಗ ಶ್ರೀರಾಂಪುರದ ಮಿಷನರಿಗಳು ತಿರುಗಿಬಿದ್ದರು. ರಾಯ್ ಮಣಿಯಲಿಲ್ಲ. ಅವರೊಡನೆ ಚರ್ಚಿಸುತ್ತ ಹೋದ ವಿಲಿಯಂ ಆಡಂ ಎಂಬ ಮಿಷನರಿ 1821ರಲ್ಲಿ ತ್ರಯೇಕತ್ವವನ್ನೇ ಬಿಟ್ಟುಕೊಟ್ಟ. ಅರವತ್ತು ವರ್ಷಗಳ ಬಳಿಕ ಅದೇ ಬಂಗಾಳದಲ್ಲಿ ಗಾಳಿ ಇನ್ನೊಂದು ಕಡೆ ಬೀಸಿತು. 1882ರಲ್ಲಿ ಕೇಶವಚಂದ್ರ ಸೇನರು ತ್ರಯೇಕತ್ವವನ್ನು ಸತ್, ಚಿತ್, ಆನಂದಗಳ ಬೆಳಕಿನಲ್ಲಿ ವಿವರಿಸಿದರು. 1898ರಲ್ಲಿ ಬ್ರಹ್ಮಬಾಂಧವ ಉಪಾಧ್ಯಾಯರು ಸಚ್ಚಿದಾನಂದನೆಂದೇ ತ್ರಯೇಕ ದೇವರನ್ನು ಸ್ತುತಿಸುವ ಸಂಸ್ಕೃತ ಗೀತೆ ರಚಿಸಿದರು. ಅದನ್ನು ಭಾರತದ ಕಥೋಲಿಕ ಆಶ್ರಮಗಳಲ್ಲಿ ಈಗಲೂ ಹಾಡುತ್ತಾರೆ. ಕೊಡಗಿನಿಂದ ಇಳಿದ ಕಾವೇರಿ ತಮಿಳುನಾಡಿನ ಕುಳಿತ್ತಲೈ ಬಳಿ ಹರಿಯುವಲ್ಲಿ, 1950ರಲ್ಲಿ, ಇಬ್ಬರು ಫ್ರೆಂಚ್ ಪಾದ್ರಿಗಳು ಸಚ್ಚಿದಾನಂದ ಆಶ್ರಮ ಕಟ್ಟಿದರು. ಅವರಲ್ಲೊಬ್ಬರು ಮುಂದೆ ಅಭಿಷಿಕ್ತಾನಂದರೆಂದು ಹೆಸರಾದರು.

ಸಚ್ಚಿದಾನಂದ ಎಂಬ ಈ ಸೇತುವೆ ನನಗೆ ಇಷ್ಟ. ಹೊರಗಿನಿಂದ ತಂದ ಮಾತುಗಳಲ್ಲಿ ಮಾತ್ರ ದೇವರನ್ನು ಕರೆಯಬೇಕಾಗಿಲ್ಲ ಎಂಬ ಧೈರ್ಯ ಅದರಲ್ಲಿದೆ. ಆದರೂ ಅಡ್ಡಿಯೊಂದು ಉಳಿಯುತ್ತದೆ. ಇರವು, ಅರಿವು, ಆನಂದ ಇವು ಒಬ್ಬನ ಮೂರು ಮುಖಗಳು. ಇರವು ಅರಿವನ್ನು ಪ್ರೀತಿಸುವುದಿಲ್ಲ, ಅರಿವು ಇರವಿಗೆ ಪ್ರಾರ್ಥಿಸುವುದಿಲ್ಲ. ಉಪಾಧ್ಯಾಯರಿಗೆ ಇದು ಗೊತ್ತಿತ್ತು, ಆದ್ದರಿಂದಲೇ ಅವರ ಗೀತೆ ಸಚ್ಚಿದಾನಂದ ಎಂದು ಶುರುವಾದರೂ ತಂದೆ, ಮಗ, ಆತ್ಮ ಮೂವರನ್ನೂ ಬೇರೆಬೇರೆಯಾಗಿ ಕರೆದು ವಂದಿಸುತ್ತದೆ. ಅಭಿಷಿಕ್ತಾನಂದರಿಗೆ ಅದು ಅಷ್ಟು ಸುಲಭವಾಗಲಿಲ್ಲ. ಅರುಣಾಚಲ ಬೆಟ್ಟದ ಗುಹೆಗಳಲ್ಲಿ ಕಂಡ ಅದ್ವೈತದ ಅನುಭವ ಒಂದು ಕಡೆ, ಅಬ್ಬಾ ತಂದೆಯೇ ಎಂದು ಕೂಗುವ ಯೇಸು ಇನ್ನೊಂದು ಕಡೆ. ಎರಡನ್ನೂ ಹೊಂದಿಸಿ ಪುಸ್ತಕ ಬರೆದ ಅವರೇ, 1973ರಲ್ಲಿ ತೀರಿಕೊಳ್ಳುವ ಮೊದಲಿನ ವರ್ಷಗಳಲ್ಲಿ ಆ ಹೊಂದಾಣಿಕೆಯನ್ನು ಅನುಮಾನಿಸತೊಡಗಿದ್ದರು. ಅದ್ವೈತದಲ್ಲಿ ನಾನು ನೀನು ಎಂಬುದು ಕೊನೆಗೆ ಕರಗಬೇಕು. ಕಪ್ಪದೋಕ್ಯದವರು ಹೇಳಿದ್ದು, ಆ ನೀನು ಎಂಬ ಕರೆ ಸೃಷ್ಟಿಗಿಂತ ಹಳೆಯದು, ದೇವರೊಳಗೇ ಇರುವಂಥದ್ದು, ಎಂದೂ ಕರಗುವುದಿಲ್ಲ ಎಂದು. ಭಾರತದ ನೆಲದಲ್ಲಿ ತ್ರಯೇಕತ್ವದ ನಿಜವಾದ ಚರ್ಚೆ ನಡೆಯಬೇಕಾದದ್ದು ಈ ಪ್ರಶ್ನೆಯ ಮೇಲೆ. ಅದು ಇನ್ನೂ ಸರಿಯಾಗಿ ಶುರುವಾಗಿಲ್ಲ ಎಂದೇ ನನ್ನ ಎಣಿಕೆ.